ಪತ್ರದಲ್ಲಿ ಬರೆದಷ್ಟೇ ಬೆಲೆ: ಬಳ್ಳಾರಿಯಲ್ಲಿ ಒಂದು ಮೊದಲ ಮನೆಯ ಖರೀದಿ

ಬಳ್ಳಾರಿಯಲ್ಲಿ ಮನೆ ಮಾರುವವರು ಸಾಮಾನ್ಯವಾಗಿ ಎರಡು ಬೆಲೆ ಹೇಳುತ್ತಾರೆ. ಒಂದು ತಮ್ಮ ಕೈ ಸೇರಬೇಕಾದ ಬೆಲೆ, ಇನ್ನೊಂದು ಪತ್ರದಲ್ಲಿ ಬರೆಸುವ ಬೆಲೆ. ಅಂಗಡಿ, ಮಿಲ್ಲು, ಲಾರಿ ಇಟ್ಟುಕೊಂಡವರಿಗೆ ಇವೆರಡರ ನಡುವಿನ ಅಂತರವನ್ನು ನಗದಿನಲ್ಲಿ ತುಂಬುವುದು ದೊಡ್ಡ ಮಾತಲ್ಲ. ಸಂಬಳ ನೇರ ಬ್ಯಾಂಕಿಗೆ ಬಂದು ಬೀಳುವವರಿಗೆ ಮನೆ ಕೈತಪ್ಪುವುದೇ ಆ ಅಂತರದಲ್ಲಿ. ಅಂಥ ಒಂದು ಕುಟುಂಬ 2024ರ ನಡುವಿನಿಂದ ಹುಡುಕುತ್ತಾ ಹೋಗಿ, 2025ರ ಸೆಪ್ಟೆಂಬರ್‌ನಲ್ಲಿ ಪೂರ್ತಿ ಬೆಲೆಯನ್ನು ಪತ್ರದಲ್ಲೇ ಬರೆಸಿ ಮೊದಲ ಮನೆ ಕೊಂಡ ಪ್ರಕರಣ ಇದು. ಅವರ ಒಪ್ಪಿಗೆಯಿಂದಲೇ ಬರೆಯುತ್ತಿದ್ದೇನೆ. ಹೆಸರು, ಬಡಾವಣೆ ಬಿಟ್ಟಿದ್ದೇನೆ, ಅಂಕಿ ಬಿಟ್ಟಿಲ್ಲ. ಗೃಹಸಾಲದ ಕಡತಗಳ ನಡುವೆ ವರ್ಷಗಟ್ಟಲೆ ಕೆಲಸ ಮಾಡಿದ ನನಗೆ ಈ ಕಡತ ಮುಖ್ಯವೆನಿಸಿದ್ದಕ್ಕೆ ಕಾರಣ ಒಂದೇ: ಇಲ್ಲಿ ಕೊಳ್ಳುವವರು ತಮ್ಮ ಲೆಕ್ಕದ ಜತೆಗೆ ಮಾರುವವರ ಲೆಕ್ಕವನ್ನೂ ಕೂತು ಮಾಡಿದರು. ಬೆಲೆ ಕುದುರಿದ್ದು ಅದರಿಂದಲೇ.

ಮನೆಯವರು, ಅವರ ದುಡ್ಡು

ಗಂಡ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಗುತ್ತಿಗೆ ಕಂಪನಿಯೊಂದರ ಎಲೆಕ್ಟ್ರಿಷಿಯನ್. ಶಿಫ್ಟ್ ಡ್ಯೂಟಿ, ಕೈಗೆ 38,000. ಹೆಂಡತಿ ಊರೊಳಗಿನ ಖಾಸಗಿ ಪ್ರೌಢಶಾಲೆಯಲ್ಲಿ ಗಣಿತ ಹೇಳುತ್ತಾರೆ, ಸಂಬಳ 22,000. ಒಬ್ಬಳು ಮಗಳು, ಜತೆಗೆ ಗಂಡನ ತಾಯಿ. 8,500 ಬಾಡಿಗೆಯ ಮನೆಯಲ್ಲಿದ್ದರು. ಮಾಲೀಕರ ಮಗನ ಮದುವೆ ಗೊತ್ತಾಗಿ, ಮನೆ ಖಾಲಿ ಮಾಡಬೇಕಾಗಬಹುದೆಂಬ ಮಾತು ಬಂದಾಗ ಹುಡುಕಾಟ ಶುರುವಾಯಿತು.

ಅವರ ಮೊದಲ ಲೆಕ್ಕ ಸರಳವಾಗಿತ್ತು. 30 ಲಕ್ಷದವರೆಗಿನ ಗೃಹಸಾಲಕ್ಕೆ ಮನೆಯ ಬೆಲೆಯ 90 ಪ್ರತಿಶತದವರೆಗೆ ಕೊಡಲು ರಿಸರ್ವ್ ಬ್ಯಾಂಕ್ ಅವಕಾಶ ಇಟ್ಟಿದೆ. ಹಾಗಾದರೆ ಮೂವತ್ತೊಂದು ಲಕ್ಷದ ಮನೆಗೆ ಮೂರು ಲಕ್ಷ ಚಿಲ್ಲರೆ ಕೈಯಿಂದ, ರಿಜಿಸ್ಟ್ರಿಗೆ ಎರಡು ಲಕ್ಷ, ಒಟ್ಟು ಐದರಲ್ಲಿ ಮುಗಿಯಿತು ಎಂದುಕೊಂಡಿದ್ದರು. ಕೊನೆಗೆ ಕೈಯಿಂದ ಹೋದದ್ದು ಇದರ ಎರಡರಷ್ಟು. 90 ಪ್ರತಿಶತ ಎನ್ನುವುದು ಗರಿಷ್ಠ ಮಿತಿ, ಅಷ್ಟು ಕೊಡಲೇಬೇಕೆಂದಿಲ್ಲ. ಹಳೆಯ ಮನೆಗೆ ಬ್ಯಾಂಕುಗಳು ಅದಕ್ಕಿಂತ ಕೆಳಗೇ ನಿಲ್ಲುತ್ತವೆ. ಆ ಪ್ರತಿಶತವನ್ನೂ ಒಪ್ಪಂದದ ಬೆಲೆ ಮತ್ತು ಬ್ಯಾಂಕಿನ ಮೌಲ್ಯಮಾಪಕರು ಹಾಕಿದ ಬೆಲೆ, ಇವೆರಡರಲ್ಲಿ ಕಡಿಮೆ ಇರುವುದರ ಮೇಲೆ ಕಟ್ಟುತ್ತಾರೆ. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕವನ್ನು ಮನೆಯ ಬೆಲೆಗೆ ಸೇರಿಸಿ ಸಾಲ ಕೇಳುವುದಕ್ಕೂ ಬರುವುದಿಲ್ಲ. ಆ ಸಡಿಲಿಕೆ ಇರುವುದು ಹತ್ತು ಲಕ್ಷದೊಳಗಿನ ಮನೆಗಳಿಗೆ ಮಾತ್ರ.

ಊರಿನ ದರ ಹಿಡಿಯುವುದು

ಬಳ್ಳಾರಿಯ ಸೈಟಿನ ದರ ಎಲ್ಲಿಯೂ ಬರೆದಿಟ್ಟಿರುವುದಿಲ್ಲ. ಸರ್ಕಾರದ ಮಾರ್ಗಸೂಚಿ ದರವಿದೆ, ಅಂದರೆ ಮುದ್ರಾಂಕ, ನೋಂದಣಿ ಶುಲ್ಕದ ಲೆಕ್ಕಕ್ಕೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ದರ; 2023ರ ಅಕ್ಟೋಬರ್ 1ರಿಂದ ರಾಜ್ಯದಾದ್ಯಂತ ಪರಿಷ್ಕರಣೆಯಾಗಿದೆ. ಆದರೆ ಒಳ್ಳೆಯ ಬಡಾವಣೆಗಳಲ್ಲಿ ಬಾಯಿಮಾತಿನ ದರ ಅದಕ್ಕಿಂತ ಬಹಳ ಮೇಲಿರುತ್ತದೆ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ, ಅಂದರೆ ಇ.ಸಿ. ತೆಗೆದರೆ ಹಿಂದಿನ ಮಾರಾಟದ ಮೊತ್ತ ಕಾಣುತ್ತದೆ. ಅದು ಪತ್ರದ ಬೆಲೆ, ಕೊಟ್ಟ ಬೆಲೆಯಲ್ಲ. ಜತೆಗೆ ಅಳತೆಯ ಗೊಂದಲ ಬೇರೆ. 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಜಿಲ್ಲೆ ಇದು, ಹೊಲದ ಲೆಕ್ಕ ಇವತ್ತಿಗೂ ಎಕರೆ-ಸೆಂಟಿನಲ್ಲೇ. ಊರ ಅಂಚಿನಲ್ಲಿ ಬ್ರೋಕರ್ "ಸೆಂಟಿಗೆ ಹನ್ನೊಂದು" ಎಂದರೆ, ಆ ಹನ್ನೊಂದು ಲಕ್ಷವನ್ನು ಒಂದು ಸೆಂಟಿನ 435.6 ಚದರಡಿಯಿಂದ ಭಾಗಿಸಿ ಅದು ಅಡಿಗೆ 2,525 ರೂಪಾಯಿ ಎಂದು ತಿಳಿದುಕೊಳ್ಳುವುದು ಕೊಳ್ಳುವವರ ಕೆಲಸ.

ಟೀಚರಮ್ಮ ಒಂದು ನೋಟ್‌ಬುಕ್ ಇಟ್ಟರು. ಮೂರು ನಾಲ್ಕು ಬಡಾವಣೆಗಳನ್ನು ಮಾತ್ರ ಆರಿಸಿಕೊಂಡು, ಗೋಡೆಯ ಮೇಲೆ "ಮನೆ ಮಾರಾಟಕ್ಕಿದೆ" ಎಂದು ಬರೆದ ಪ್ರತಿಯೊಂದು ಮನೆಗೂ ಒಂದು ಸಾಲು. ಅಳತೆ, ಮುಖ ಯಾವ ದಿಕ್ಕು, ಕೇಳಿದ ಬೆಲೆ, ನೋಡಿದ ತಿಂಗಳು. ಎರಡು ಮೂರು ತಿಂಗಳ ಮೇಲೆ ಅದೇ ಓಣಿಗೆ ಹೋದಾಗ ಬರಹ ಇನ್ನೂ ಇದೆಯೋ, ಸುಣ್ಣ ಬಳಿದಿದ್ದಾರೋ ಎಂದು ನೋಡುವುದು. ಮಾರಾಟವಾಗಿದ್ದರೆ ಎಷ್ಟಕ್ಕೆ ಹೋಯಿತೆಂದು ಬ್ರೋಕರ್‌ನನ್ನೂ ಕೇಳುವುದು, ಪಕ್ಕದ ಮನೆಯವರನ್ನೂ ಕೇಳುವುದು. ಇಬ್ಬರು ಹೇಳಿದ ಅಂಕಿ ಹೊಂದಿಕೆಯಾದರೆ ಮಾತ್ರ ಮಸಿಯಲ್ಲಿ ಬರೆಯುವುದು, ಇಲ್ಲವಾದರೆ ಪೆನ್ಸಿಲ್. ವರ್ಷ ತುಂಬುವ ಹೊತ್ತಿಗೆ ಆ ಪುಸ್ತಕ ಹೇಳಿದ್ದು ಇಷ್ಟು: ಅವರು ನೋಡುತ್ತಿದ್ದ ಬಡಾವಣೆಗಳಲ್ಲಿ ಮನೆಗಳು ಕೇಳಿದ ಬೆಲೆಗಿಂತ ಹತ್ತಿರಹತ್ತಿರ ಹತ್ತನೇ ಒಂದು ಭಾಗ ಕಡಿಮೆಗೆ ಹೋಗುತ್ತಿದ್ದವು. ಪಶ್ಚಿಮ, ದಕ್ಷಿಣ ಮುಖದ ಮನೆಗಳ ಬರಹ ಗೋಡೆಯ ಮೇಲೆ ಬಹಳ ದಿನ ಉಳಿಯುತ್ತಿತ್ತು. ಹೀಗೆ ಕೈಯಿಂದ ಬರೆದಿಟ್ಟ ಲೆಕ್ಕಕ್ಕಿಂತ ನಂಬಿಕಸ್ತ ಆಧಾರ ನಮ್ಮಂಥ ಊರಿನಲ್ಲಿ ಸಿಗುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಕೇಳುವ ಬೆಲೆ ಇಷ್ಟು ಮೇಲೇಕೆ ನಿಂತಿರುತ್ತದೆ ಎಂಬುದಕ್ಕೆ ಊರಿನ ಚರಿತ್ರೆ ಕಾರಣ. ಅದಿರಿನ ಸುಗ್ಗಿಯ ವರ್ಷಗಳಲ್ಲಿ ಇಲ್ಲಿ ಸೈಟು ಕೊಂಡವರು, ಮಾರಿದವರು ಆ ದಿನಗಳ ಮಾತನ್ನು ಮರೆತಿಲ್ಲ. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಅದಿರು ಗಣಿಗಾರಿಕೆ ನಿಲ್ಲಿಸಿತು, 2013ರಲ್ಲಿ ಷರತ್ತಿನ ಮೇಲೆ ಮತ್ತೆ ಬಿಟ್ಟಿತು. ಆಗ ಕೊಂಡು ಸಿಕ್ಕಿಕೊಂಡವರು ಇವತ್ತಿಗೂ ಅಸಲು, ಬಡ್ಡಿ, ಕಾದ ವರ್ಷ ಎಲ್ಲ ಸೇರಿಸಿ ಬೆಲೆ ಹೇಳುತ್ತಾರೆ. ತೋರಣಗಲ್ಲಿನ ಕಾರ್ಖಾನೆಗೆ ದಿನಾ ಓಡಾಡುವವರು, ಕಾಲುವೆ ನೀರಿನಲ್ಲಿ ಭತ್ತ ಬೆಳೆದು ಮಕ್ಕಳ ಓದಿಗೆಂದು ಊರಲ್ಲಿ ಮನೆ ಮಾಡುವ ಸಿರುಗುಪ್ಪ, ಕುರುಗೋಡು ಕಡೆಯ ರೈತರು, ಜೀನ್ಸ್ ಹೊಲಿಗೆಯ ಘಟಕಗಳವರು, ಇವರೆಲ್ಲ ಕೊಳ್ಳುವ ಸಾಲಿನಲ್ಲಿದ್ದಾರೆ. ಇವರಲ್ಲಿ ನಗದು ಇರುವವರು ಮುಂದೆ, ಸಂಬಳದವರು ಹಿಂದೆ.

ಬಿಟ್ಟ ಮನೆಗಳು

ಮೊದಲು ಮನಸ್ಸಿಗೆ ಬಂದದ್ದು ಪಾಲಿಕೆಯ ಗಡಿ ದಾಟಿದ ಮೇಲೆ, ಗ್ರಾಮ ಪಂಚಾಯಿತಿ ವ್ಯಾಪ್ತಿಯ ಹೊಸ ಮನೆ. 30×40 ಸೈಟು, ಎರಡು ಕೋಣೆ, ಟೈಲ್ಸು, ಮುಂದೆ ಬೈಕ್ ನಿಲ್ಲಿಸಲು ಜಾಗ, ಬೆಲೆ 34 ಲಕ್ಷ. ಊರೊಳಗೆ ಆ ಅಳತೆಗೆ ಅರ್ಧ ಕೋಟಿ ದಾಟುತ್ತದೆ. ಕಾಗದ ಕೇಳಿದಾಗ ಕೊಟ್ಟದ್ದು 11ಬಿ, ಅಂದರೆ ಅನುಮೋದನೆಯಿಲ್ಲದ ಸೊತ್ತಿಗೆ ಪಂಚಾಯಿತಿ ಕೊಡುವ ನಮೂನೆ. ಜಮೀನು ಕೃಷಿಯೇತರ ಪರಿವರ್ತನೆ ಆಗಿರಲಿಲ್ಲ, ನಗರಾಭಿವೃದ್ಧಿ ಪ್ರಾಧಿಕಾರದ ನಕ್ಷೆಯಂತೂ ಇಲ್ಲವೇ ಇಲ್ಲ. ಅವರು ಹೋದ ಬ್ಯಾಂಕು ಕಡತವನ್ನೇ ತೆಗೆದುಕೊಳ್ಳಲಿಲ್ಲ. "ಫೈನಾನ್ಸ್ ಮಾಡಿಸಿ ಕೊಡ್ತೀನಿ ಅಣ್ಣ" ಎಂದ ಬ್ರೋಕರ್ ತೋರಿಸಿದ ಬಡ್ಡಿ ಬ್ಯಾಂಕಿಗಿಂತ ನಾಲ್ಕು ಪ್ರತಿಶತ ಮೇಲಿತ್ತು. 2025ರಲ್ಲಿ ನಗರಗಳ ಅನಧಿಕೃತ ಬಡಾವಣೆಗಳಿಗೆ ಬಿ-ಖಾತಾ ಕೊಡುವ ಅಭಿಯಾನ ಬಂದಮೇಲೆ "ಇನ್ನೇನು, ಎಲ್ಲ ಸಕ್ರಮ ಆಗೇ ಆಗುತ್ತೆ" ಎಂಬ ಮಾತು ಊರಲ್ಲಿ ಜೋರಾಯಿತು. ಬಿ-ಖಾತಾ ಎಂದರೆ ಸೊತ್ತು ತೆರಿಗೆಯ ಲೆಕ್ಕಕ್ಕೆ ಬಂತು ಎಂದಷ್ಟೇ ಅರ್ಥ. ಬಡಾವಣೆಗೆ ಅನುಮೋದನೆ ಸಿಕ್ಕಂತಾಗುವುದಿಲ್ಲ. ಮೊದಲ ಮನೆಗೆ ಇಡೀ ಉಳಿತಾಯ ಹಾಕುವವರು ಇಂಥ ಭರವಸೆಯ ಮೇಲೆ ಮುಂದುವರಿಯಬಾರದು.

ಎರಡನೆಯದು ಬ್ರೂಸ್‌ಪೇಟೆ ಕಡೆಯ ಹಳೇ ಮನೆ. ಪೇಟೆ, ಶಾಲೆ ಎಲ್ಲ ಹತ್ತಿರ, ಅತ್ತೆಗೆ ಬಹಳ ಹಿಡಿಸಿತ್ತು. ಮನೆ ತೀರಿಕೊಂಡ ಅಪ್ಪನ ಹೆಸರಿನಲ್ಲಿತ್ತು, ವಿಲ್ ಇರಲಿಲ್ಲ. ಮಾರಲು ಬಂದವರು ಇಬ್ಬರು ಗಂಡುಮಕ್ಕಳು. ವಂಶವೃಕ್ಷ ಕೇಳಿದಾಗ ಗುಂತಕಲ್ಲಿಗೆ, ಹೊಸಪೇಟೆಗೆ ಮದುವೆಯಾಗಿ ಹೋದ ಇಬ್ಬರು ಹೆಣ್ಣುಮಕ್ಕಳು ಹೊರಬಿದ್ದರು. "ಅವ್ರಿಗೆ ಮದುವ್ಯಾಗ ಎಲ್ಲಾ ಕೊಟ್ಟೀವಿ" ಎಂದರು ಅಣ್ಣತಮ್ಮಂದಿರು. ವಿಲ್ ಇಲ್ಲದೆ ತೀರಿಕೊಂಡವರ ಸ್ವಂತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲೆಂದು 1956ರ ಉತ್ತರಾಧಿಕಾರ ಕಾಯ್ದೆಯೇ ಹೇಳಿದೆ; ಪಿತ್ರಾರ್ಜಿತದಲ್ಲಿ ಮಗಳ ಹಕ್ಕನ್ನು 2005ರ ತಿದ್ದುಪಡಿ ಗಟ್ಟಿ ಮಾಡಿದೆ. ಅಕ್ಕತಂಗಿಯರು ಬಂದು ಸಹಿ ಹಾಕದೆ ಆ ಮನೆ ಕೊಳ್ಳುವಂತಿರಲಿಲ್ಲ. ಅವರು ಬರಲಿಲ್ಲ.

ಅಪಾರ್ಟ್‌ಮೆಂಟು ಒಂದೆರಡು ನೋಡಿ ಬಿಟ್ಟರು. ಶಿಫ್ಟ್ ಮುಗಿಸಿ ಬೆಳಿಗ್ಗೆ ಬಂದು ಮಲಗುವವರಿಗೆ ಬಳ್ಳಾರಿಯ ಬೇಸಿಗೆಯಲ್ಲಿ ಮೇಲಿನ ಅಂತಸ್ತು ಆಗುವುದಿಲ್ಲ ಎಂದು ಗಂಡ ಖಂಡಿತವಾಗಿ ಹೇಳಿದರು.

ಮೇಷ್ಟ್ರ ಮನೆ

2025ರ ಏಪ್ರಿಲ್‌ನಲ್ಲಿ ಮೋಕಾ ರಸ್ತೆ ಕಡೆಯ ಒಂದು ಅನುಮೋದಿತ ಬಡಾವಣೆಯಲ್ಲಿ ಈ ಮನೆ ಕಂಡಿತು. 20×40 ಸೈಟು, ಅಂದರೆ 800 ಚದರಡಿ, ಎರಡು ಸೆಂಟೂ ತುಂಬುವುದಿಲ್ಲ. ಪಶ್ಚಿಮ ಮುಖ. 2014ರಲ್ಲಿ ಕಟ್ಟಿದ ಎರಡು ಕೋಣೆಯ ಮನೆ, ಕಡಪಾ ಕಲ್ಲಿನ ಹಾಸು, ದೊಡ್ಡ ಸಂಪು. ದಿನಗಟ್ಟಲೆ ಕಾದು ನಲ್ಲಿ ನೀರು ಹಿಡಿಯುವ ಊರಿನಲ್ಲಿ ಸಂಪಿನ ಅಳತೆ ಕೋಣೆಯ ಅಳತೆಯಷ್ಟೇ ಮುಖ್ಯ. ಮಾಲೀಕರು ನಿವೃತ್ತ ಪ್ರೌಢಶಾಲಾ ಮೇಷ್ಟ್ರು; ಹೆಂಡತಿಯೊಂದಿಗೆ ಬೆಂಗಳೂರಿನ ಮಗನ ಮನೆಗೆ ಹೋಗುವವರಿದ್ದರು. ಕೇಳಿದ ಬೆಲೆ 33 ಲಕ್ಷ. ನೋಟ್‌ಬುಕ್ಕಿನ ಪ್ರಕಾರ ಗೋಡೆಯ ಮೇಲಿನ ಬರಹಕ್ಕೆ ಆಗಲೇ ಎಂಟು ತಿಂಗಳಾಗಿತ್ತು.

ಮನೆಯಲ್ಲಿ ಒಂದು ದೋಷ ಕಣ್ಣಿಗೆ ಹೊಡೆಯುವಂತಿತ್ತು. ಹಿತ್ತಲ ಕಡೆಯ ಕೋಣೆಯಲ್ಲಿ ಕಿಟಕಿಯ ಕೆಳಮೂಲೆಯಿಂದ ಓರೆಯಾಗಿ, ಇಟ್ಟಿಗೆಯ ಸಂದಿ ಹಿಡಿದು ಮೆಟ್ಟಿಲಿನಂತೆ ಇಳಿದ ಬಿರುಕು. ಇನ್ನೊಂದು, ಕೂದಲೆಳೆಯಂಥದ್ದು, ಹಾಲ್‌ನ ಗೋಡೆಯಲ್ಲಿ. ಅದು ಎರೆ ಭೂಮಿ. ಕರಿಮಣ್ಣು ಬೇಸಿಗೆಯಲ್ಲಿ ಕುಗ್ಗಿ ಸೀಳುತ್ತದೆ, ನೀರು ಕುಡಿದರೆ ಉಬ್ಬುತ್ತದೆ; ಪಾಯ ಆಳವಿಲ್ಲದಿದ್ದರೆ ಮಣ್ಣಿನ ಜತೆ ಗೋಡೆಯೂ ಏಳುತ್ತದೆ, ಇಳಿಯುತ್ತದೆ. ಬಿರುಕು ಹಳೆಯದಾಗಿ ನಿಂತಿದೆಯೋ, ಇನ್ನೂ ಆಡುತ್ತಿದೆಯೋ ಎಂಬುದೇ ಪ್ರಶ್ನೆ.

ಪರಿಚಯದ ಸಿವಿಲ್ ಎಂಜಿನಿಯರ್ ಒಬ್ಬರು ಮೇ ತಿಂಗಳ ಬಿರುಬಿಸಿಲಲ್ಲಿ ಬಂದು ಎರಡೂ ಬಿರುಕಿನ ಮೇಲೆ ಅಡ್ಡಲಾಗಿ ಬೆರಳಗಲದ ತೆಳು ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಪ್ಲಾಸ್ಟರ್ ಆಫ್ ಪ್ಯಾರಿಸ್ ಮೆತ್ತಿ, ಪಕ್ಕದಲ್ಲಿ ಪೆನ್ಸಿಲ್‌ನಿಂದ ತಾರೀಖು ಬರೆದರು. ಗೋಡೆ ಒಂದಿಷ್ಟು ಜರುಗಿದರೂ ಗಾಜು ಒಡೆಯುತ್ತದೆ. ಮೇಷ್ಟ್ರು ಬೇಡ ಎನ್ನಲಿಲ್ಲ. "ಹಚ್ರಿ, ನಂಗೂ ಗೊತ್ತಾಗ್ಲಿ" ಎಂದರು. ಜೂನ್ ಕೊನೆಗೆ ನೋಡಿದಾಗ ಹಾಲ್‌ನ ಗಾಜು ಹಾಗೇ ಇತ್ತು, ಹಿತ್ತಲ ಕಡೆಯದು ನಡುವೆ ಸೀಳಿತ್ತು. ಆ ಗೋಡೆಯ ಹೊರಗೆ ಬಟ್ಟೆ ಒಗೆಯುವ ಕಲ್ಲು. ಒಗೆದ ನೀರೆಲ್ಲ ಚರಂಡಿಗೆ ಹೋಗದೆ ಪಾಯದ ಬುಡದಲ್ಲೇ ಇಂಗುತ್ತಿತ್ತು. ಇಡೀ ಮನೆ ಆಡುತ್ತಿಲ್ಲ, ಒಂದು ಮೂಲೆ ಆಡುತ್ತಿದೆ ಎಂದಾಯಿತು. ಕಲ್ಲು ಅಲ್ಲಿಂದ ಕೀಳಿಸಿ, ನೀರಿಗೆ ಪೈಪು ಹಾಕಿ, ಗೋಡೆಯ ಸುತ್ತ ಮೂರಡಿ ಕಾಂಕ್ರೀಟ್ ಹಾಸು ಹಾಕಿ, ಆಮೇಲೆ ಬಿರುಕು ಹೊಲಿಯಬೇಕು. ಸುಮಾರು ಒಂದು ಲಕ್ಷ ಇಟ್ಟುಕೊಳ್ಳಿ ಎಂದರು ಎಂಜಿನಿಯರ್. ಎರೆ ಭೂಮಿಯ ಮನೆಯನ್ನು ಒಂದೇ ಋತುವಿನಲ್ಲಿ ನೋಡಿ ಕೊಳ್ಳಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಹೊಸದಾಗಿ ಬಣ್ಣ ಹೊಡೆಸಿದ ಮನೆಯನ್ನಂತೂ ಎರಡು ಸಲ ನೋಡಿ.

ಮೂವತ್ತಮೂರು, ಇಪ್ಪತ್ತು, ಮೂವತ್ತೊಂದು

ಮಾತುಕತೆ ಕೂತದ್ದು ಆಷಾಢದಲ್ಲಿ. ಆ ತಿಂಗಳು ಮನೆ ನೋಡಲು ಬರುವವರೇ ಕಡಿಮೆ, ಹಾಗಾಗಿ ಮೇಷ್ಟ್ರಿಗೂ ಪುರುಸೊತ್ತಿತ್ತು. ಅವರು ನೇರವಾಗಿ ಹೇಳಿದರು:

"ನೋಡಮ್ಮ, ಇಪ್ಪತ್ತಕ್ಕೆ ರಿಜಿಸ್ಟ್ರಿ. ಮಿಕ್ಕಿದ ಹದಿಮೂರು ಕೈಗೆ. ಊರಾಗ ಎಲ್ಲಾರೂ ಮಾಡಾದು ಹಿಂಗೇ."

"ಸರ್, ಕೈಗೆ ಕೊಡಾಕೆ ನಮ್ಮ ಹತ್ರ ದುಡ್ಡೇ ಇಲ್ಲ. ಬ್ಯಾಂಕಿನೋರು ಕೊಡಾದು ಪತ್ರದಾಗ ಬರೆದಿದ್ದಕ್ಕೆ ಮಾತ್ರ."

"ಪೂರ್ತಿ ಬರೆಸಿದ್ರೆ ಟ್ಯಾಕ್ಸು ಯಾರು ಕಟ್ತಾರೆ? ರಿಟೈರಾದ ಮ್ಯಾಲೆ ನೋಟಿಸು ಬಂದ್ರೆ ನಾನು ಯಾರತ್ರ ಓಡಾಡ್ಲಿ? ಹಂಗಾದ್ರೆ ಮೂವತ್ತಾರು ಕೊಡ್ರಿ."

"ಟ್ಯಾಕ್ಸು ಎಷ್ಟು ಬರುತ್ತೆ ಅಂತ ಲೆಕ್ಕ ಹಾಕಿದೀರಾ ಸರ್?"

ಹಾಕಿರಲಿಲ್ಲ. ಯಾರೂ ಹಾಕಿರುವುದಿಲ್ಲ. "ಬಹಳ ಬರುತ್ತದೆ" ಎಂಬ ಭಯವೊಂದೇ ಇರುತ್ತದೆ, ಆ ಭಯದ ಮೇಲೆ ಲಕ್ಷಗಟ್ಟಲೆ ಬೆಲೆ ಏರುತ್ತದೆ.

ಮೊದಲು ಕೊಳ್ಳುವವರ ಕಡೆ ನೋಡೋಣ. ಪತ್ರದಲ್ಲಿ 20 ಲಕ್ಷ ಬರೆಸಿದರೆ ಬ್ಯಾಂಕು 80 ಪ್ರತಿಶತದ ಲೆಕ್ಕದಲ್ಲಿ 16 ಲಕ್ಷ ಕೊಡುತ್ತಿತ್ತು, ಮಿಕ್ಕ 17 ಲಕ್ಷ ಕೈಯಿಂದ ಬರಬೇಕಿತ್ತು. ಅದು ಅವರಿಂದ ಆಗದ ಮಾತು. ಜತೆಗೆ ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾಯ್ದೆ ನಿಷೇಧಿಸಿದೆ, ಪಡೆದಷ್ಟೇ ಮೊತ್ತದ ದಂಡವಿದೆ. ನೋಟಿಸಿಗೆ ಹೆದರುವ ಮೇಷ್ಟ್ರು ಹೆದರಬೇಕಾದದ್ದು ಇದಕ್ಕೆ.

ಇನ್ನು ಮಾರುವವರ ಕಡೆ. ಮೇಷ್ಟ್ರು ಸೈಟು ಕೊಂಡದ್ದು 2009ರ ದೀಪಾವಳಿ ಹೊತ್ತಿಗೆ, ಖರ್ಚೆಲ್ಲ ಸೇರಿ 4.5 ಲಕ್ಷಕ್ಕೆ. 2014-15ರಲ್ಲಿ ಮನೆ ಕಟ್ಟಲು 11 ಲಕ್ಷ ಹೋಗಿತ್ತು. ಅದರಲ್ಲಿ ಹೆಚ್ಚಿನ ಪಾಲು ಬ್ಯಾಂಕ್ ಸಾಲ, ಆದ್ದರಿಂದ ಕಂತು ಕಂತಾಗಿ ಬಿಡುಗಡೆಯಾದ ದಾಖಲೆ, ಎಂಜಿನಿಯರ್‌ನ ಅಂದಾಜು ಪಟ್ಟಿ ಎಲ್ಲ ಇದ್ದವು. 2024ರ ಜುಲೈ 23ರಿಂದ ದೀರ್ಘಾವಧಿ ಬಂಡವಾಳ ಲಾಭಕ್ಕೆ 12.5 ಪ್ರತಿಶತ ತೆರಿಗೆ, ಹಣದುಬ್ಬರದ ಸೂಚ್ಯಂಕದಂತೆ ಹಳೆಯ ಅಸಲನ್ನು ಏರಿಸಿಕೊಳ್ಳುವ ಅನುಕೂಲವಿಲ್ಲದೆ. ಆದರೆ ಆ ದಿನಕ್ಕಿಂತ ಮೊದಲು ಕೊಂಡ ಮನೆ, ನಿವೇಶನಗಳಿಗೆ ಇಲ್ಲಿನ ನಿವಾಸಿಗಳು ಹಳೆಯ ರೀತಿಯಲ್ಲಿ, ಸೂಚ್ಯಂಕ ಸೇರಿಸಿ 20 ಪ್ರತಿಶತದಂತೆ ಲೆಕ್ಕ ಹಾಕಿ, ಯಾವುದು ಕಡಿಮೆಯೋ ಅಷ್ಟು ಕಟ್ಟಬಹುದು.

ಟೀಚರಮ್ಮ ಮೇಷ್ಟ್ರ ಮುಂದೆಯೇ ಹಾಳೆಯ ಮೇಲೆ ಎರಡನ್ನೂ ಹಾಕಿ ತೋರಿಸಿದರು. 31 ಲಕ್ಷಕ್ಕೆ ಮಾರಿದರೆ ಹೊಸ ರೀತಿಯಲ್ಲಿ ಲಾಭ 15.5 ಲಕ್ಷ, ತೆರಿಗೆ 1,93,750, ಸೆಸ್ ಬೇರೆ. ಹಳೆಯ ರೀತಿಯಲ್ಲಿ: ಸೂಚ್ಯಂಕ 2009-10ಕ್ಕೆ 148, 2014-15ಕ್ಕೆ 240, 2025-26ಕ್ಕೆ 376. ಸೈಟಿನ 4.5 ಲಕ್ಷ 11.43 ಲಕ್ಷವಾಗುತ್ತದೆ, ಕಟ್ಟಡದ 11 ಲಕ್ಷ 17.23 ಲಕ್ಷವಾಗುತ್ತದೆ. ಎರಡೂ ಸೇರಿ 28.66 ಲಕ್ಷ. ಲಾಭ ಎರಡೂವರೆ ಲಕ್ಷವನ್ನೂ ಮುಟ್ಟುವುದಿಲ್ಲ. ಅದರ 20 ಪ್ರತಿಶತ, ಸೆಸ್ ಸೇರಿ, ನಲವತ್ತೊಂಬತ್ತು ಸಾವಿರದೊಳಗೆ. ಎರಡು ವರ್ಷದೊಳಗೆ ಈ ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ ಅಷ್ಟೂ ಬೀಳುವುದಿಲ್ಲ.

ಮೇಷ್ಟ್ರು ಹಾಳೆಯನ್ನು ತಮ್ಮ ಆಡಿಟರ್ ಹತ್ತಿರ ಒಯ್ದರು. ಅವರೂ ಸರಿ ಎಂದರು. ಮೂರು ಲಕ್ಷ ಹೆಚ್ಚು ಕೇಳಿದ್ದು ಐವತ್ತು ಸಾವಿರವೂ ಇಲ್ಲದ ತೆರಿಗೆಗಾಗಿ ಎಂದು ಕಂಡಮೇಲೆ ಮೂವತ್ತಾರರ ಮಾತು ಬಿಟ್ಟೇಹೋಯಿತು. 33ರಿಂದ ಇಳಿಯಲು ಬಿರುಕು, ಎಂಟು ತಿಂಗಳ ಬರಹ, ಅದೇ ಬಡಾವಣೆಯಲ್ಲಿ ಮಾರಾಟವಾದ ಮನೆಗಳ ಮಸಿಯಲ್ಲಿ ಬರೆದ ಅಂಕಿಗಳು ಸಹಾಯಕ್ಕೆ ಬಂದವು. 31 ಲಕ್ಷ, ಪೂರ್ತಿ ಪತ್ರದಲ್ಲಿ, ಎಲ್ಲ ಬ್ಯಾಂಕಿನ ಮೂಲಕ. ಬೆಲೆ ಇಳಿಸಿದ್ದಕ್ಕೆ ಪ್ರತಿಯಾಗಿ ಇವರು ಒಪ್ಪಿದ್ದು, ದಸರಾ ಮುಗಿಯುವವರೆಗೆ ಮೇಷ್ಟ್ರು ಮನೆಯಲ್ಲೇ ಇರಬಹುದು ಎಂದು.

ಪೂರ್ತಿ ಬರೆಸುವುದಕ್ಕೆ ಕೊಳ್ಳುವವರೂ ಬೆಲೆ ತೆರುತ್ತಾರೆ ಎಂಬುದನ್ನು ಮುಚ್ಚಿಡಬಾರದು. ಮಾರ್ಗಸೂಚಿ ದರದಲ್ಲಿ ಆ ಮನೆ ಇಪ್ಪತ್ತರೊಳಗೇ ಇತ್ತು. ಹೆಚ್ಚಿಗೆ ಬರೆಸಿದ 11 ಲಕ್ಷಕ್ಕೆ ಶುಲ್ಕವೇ ಎಂಬತ್ತು ಸಾವಿರ ದಾಟಿತು. ಆದರೆ ಆ 11 ಲಕ್ಷ ಬರೆಸಿದ್ದರಿಂದಲೇ ಸಾಲ ಸಿಕ್ಕಿತು. ನಾಳೆ ಅವರೇ ಮಾರುವಾಗ ಅವರ ಅಸಲು 31 ಎಂದೇ ಲೆಕ್ಕವಾಗುತ್ತದೆ.

ಕಾಗದ, ಮೂವತ್ತೊಂದು ಸಾವಿರ

ಶ್ರಾವಣದಲ್ಲಿ ಒಪ್ಪಂದವಾಯಿತು, ಎರಡು ಲಕ್ಷ ಅಡ್ವಾನ್ಸು ಖಾತೆಯಿಂದ ಖಾತೆಗೆ. ಮೂಲ ಪತ್ರಗಳು ಚೆನ್ನಾಗಿದ್ದವು: ಭೂಪರಿವರ್ತನೆ ಆದೇಶ, ಪ್ರಾಧಿಕಾರದ ನಕ್ಷೆ, ಕಟ್ಟಡ ಪರವಾನಗಿ, ತೆರಿಗೆ ರಸೀದಿ. ಇ.ಸಿ. ಮಾತ್ರ ಒಂದು ಗಂಟು ತೋರಿಸಿತು. 2004ರಿಂದೀಚಿನದು ಕಂಪ್ಯೂಟರ್‌ನಲ್ಲಿ ಸಿಗುತ್ತದೆ, ಅದಕ್ಕಿಂತ ಹಿಂದಿನದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿ ತೆಗೆಸಿದರು. ಹಳೆಯದರಲ್ಲಿ ಏನಿರಲಿಲ್ಲ, ಹೊಸದರಲ್ಲಿ ಮೇಷ್ಟ್ರು ಮನೆ ಕಟ್ಟುವಾಗ ಮಾಡಿದ ಸಾಲದ ಅಡಮಾನ ಹಾಗೇ ಕೂತಿತ್ತು. ಸಾಲ ತೀರಿ ವರ್ಷಗಳಾಗಿದ್ದವು. ಸಾಲ ತೀರಿದ ಪತ್ರ ಮನೆಯ ಬೀರುವಿನಲ್ಲಿತ್ತು, ನೋಂದಣಿ ಪುಸ್ತಕಕ್ಕೆ ಹೋಗಿರಲಿಲ್ಲ. ಋಣಮುಕ್ತಿ ಪತ್ರ ನೋಂದಾಯಿಸಿದ ಮೇಲೆ ಅದು ಬಗೆಹರಿಯಿತು.

ತಡವಾದದ್ದು ಇ-ಖಾತಾದಿಂದ, ಅಂದರೆ ಪಾಲಿಕೆಯ ಸೊತ್ತಿನ ಖಾತೆಯ ಕಂಪ್ಯೂಟರ್ ರೂಪದಿಂದ. 2024ರ ಅಕ್ಟೋಬರ್‌ನಿಂದ ನಗರದ ಸೊತ್ತುಗಳ ನೋಂದಣಿಗೆ ಇ-ಖಾತಾ ಕಡ್ಡಾಯ. ಮೇಷ್ಟ್ರ ಕ್ರಯಪತ್ರದಲ್ಲಿ ಹೆಸರಿನ ಹಿಂದೆ ಎರಡು ಇನಿಶಿಯಲ್, ಆಧಾರ್‌ನಲ್ಲಿ ಮನೆತನದ ಹೆಸರು ಬಿಡಿಸಿ ಬರೆದದ್ದು. ತೆಲುಗು ನಾಡಿನ ಪಕ್ಕದ ಈ ಭಾಗದಲ್ಲಿ ಇದು ಮನೆ ಮನೆಯ ತೊಂದರೆ. ಸಾಲದ್ದಕ್ಕೆ ಹಳೆಯ ಖಾತೆಯಲ್ಲಿ ಅಳತೆ 20×38 ಎಂದು ಬಿದ್ದಿತ್ತು. ಅಫಿಡವಿಟ್, ನಕ್ಷೆಯ ಪ್ರತಿ, ಸ್ಥಳ ತನಿಖೆ ಎಂದು ಆಗಸ್ಟ್ ಕಳೆಯಿತು.

ಆಗಲೇ ಸರ್ಕಾರ ನೋಂದಣಿ ಶುಲ್ಕವನ್ನು 1ರಿಂದ 2 ಪ್ರತಿಶತಕ್ಕೆ ಏರಿಸಿತು, ಜಾರಿ 2025ರ ಆಗಸ್ಟ್ 31ರಿಂದ. ಇ-ಖಾತಾ ಕೈಗೆ ಬಂದದ್ದು ಸೆಪ್ಟೆಂಬರ್ ಎರಡನೇ ವಾರ, ಅಷ್ಟರಲ್ಲಿ ಪಿತೃಪಕ್ಷ. ಎರಡೂ ಮನೆಯ ಹಿರಿಯರು ಒಪ್ಪದೆ ಮಹಾಲಯ ಅಮಾವಾಸ್ಯೆ ಕಳೆದು ನವರಾತ್ರಿಯಲ್ಲಿ ರಿಜಿಸ್ಟ್ರಿ ಆಯಿತು. 31 ಲಕ್ಷಕ್ಕೆ ಮುದ್ರಾಂಕ ಶುಲ್ಕ 5 ಪ್ರತಿಶತ, 1,55,000. ಅದರ ಮೇಲೆ 10 ಪ್ರತಿಶತ ಸೆಸ್ 15,500, 2 ಪ್ರತಿಶತ ಸರ್ಚಾರ್ಜ್ 3,100. ನೋಂದಣಿ ಶುಲ್ಕ 62,000. ಒಟ್ಟು 2,35,600. ತಿಂಗಳ ಮೊದಲು ಆಗಿದ್ದರೆ 2,04,600.

ಈ 31,000 ಯಾರು ಹೊರಬೇಕು? ಖಾತಾ ಸರಿ ಮಾಡಿಸುವುದು ಮಾರುವವರ ಹೊಣೆ ಎಂದು ಒಪ್ಪಂದದಲ್ಲಿತ್ತು. "ನೋಂದಣಿಯ ಖರ್ಚೆಲ್ಲ ಕೊಳ್ಳುವವರದು" ಎಂದೂ ಇತ್ತು. ತಡವಾದ ಅವಧಿಯಲ್ಲಿ ಶುಲ್ಕ ಏರಿದರೆ ಯಾರದು ಎಂಬುದಿರಲಿಲ್ಲ. ಇವರೇ ಕಟ್ಟಿದರು, ಬಿರುಕಿನ ರಿಪೇರಿಗೆಂದು ಎತ್ತಿಟ್ಟಿದ್ದರಲ್ಲಿ. ಇ-ಖಾತಾ ಕೈಯಲ್ಲಿ ಇಲ್ಲದವರೊಡನೆ ಒಪ್ಪಂದ ಮಾಡುವವರು ಈ ಒಂದು ಸಾಲನ್ನು ಸೇರಿಸಲೇಬೇಕು: ಮಾರುವವರ ಕಾಗದದಿಂದ ತಡವಾಗಿ ಸರ್ಕಾರಿ ಶುಲ್ಕ ಏರಿದರೆ ಏರಿದಷ್ಟು ಅವರದು. ಸಾಧ್ಯವಿದ್ದರೆ ಇ-ಖಾತಾ ನೋಡಿಯೇ ಅಡ್ವಾನ್ಸ್ ಕೊಡಿ.

ಸಾಲ

ಬ್ಯಾಂಕಿನ ಮೌಲ್ಯಮಾಪಕರು ಮನೆಗೆ ಹಾಕಿದ ಬೆಲೆ 29.5 ಲಕ್ಷ. ಹನ್ನೊಂದು ವರ್ಷದ ಕಟ್ಟಡವೆಂದು 80 ಪ್ರತಿಶತ ಹಿಡಿದು 23.5 ಲಕ್ಷ ಮಂಜೂರು ಮಾಡಿದರು. ಉಳಿದ 7.5 ಲಕ್ಷ, ಶುಲ್ಕ 2.36 ಲಕ್ಷ, ಬ್ರೋಕರ್‌ಗೆ ಒಂದು ಪ್ರತಿಶತ 31,000, ವಕೀಲರು, ಮೌಲ್ಯಮಾಪನ, ಬ್ಯಾಂಕಿನ ಖರ್ಚು ಮೂವತ್ತು ಸಾವಿರ ಹತ್ತಿರ. ಎಲ್ಲ ಸೇರಿ ಹತ್ತೂವರೆ ಲಕ್ಷ. ಠೇವಣಿ, ಪಿಎಫ್ ಮುಂಗಡ, ಎತ್ತಿದ ಚೀಟಿ, ಹೆಂಡತಿಯ ತಂದೆ ಕೊಟ್ಟ ಒಂದು ಲಕ್ಷ ಚಿಲ್ಲರೆ, ಇವೆಲ್ಲ ಸೇರಿ ಅದು ಹೊಂದಿತು.

ಬಡ್ಡಿ 7.5 ಪ್ರತಿಶತ, 20 ವರ್ಷ, ಕಂತು 18,931. ಹುಡುಕಾಟ ಶುರುವಾದಾಗ ಕೇಳಿದ ದರ 8.5 ಇತ್ತು, ಆ ದರದಲ್ಲಿ ಇದೇ ಸಾಲಕ್ಕೆ 20,394 ಕಟ್ಟಬೇಕಿತ್ತು. ನಡುವೆ 2025ರ ಫೆಬ್ರುವರಿ, ಏಪ್ರಿಲ್, ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ತಾನು ಬ್ಯಾಂಕುಗಳಿಗೆ ಸಾಲ ಕೊಡುವ ದರವನ್ನು, 6.5ರಿಂದ 5.5ಕ್ಕೆ ಇಳಿಸಿತ್ತು. "ಕಾದದ್ದೇ ಒಳ್ಳೇದಾಯ್ತು" ಎಂದು ನೆಂಟರು ಹೇಳಿದರು. ಆ ಮಾತು ನನಗೆ ಒಪ್ಪಿಗೆಯಿಲ್ಲ. 2019ರ ಅಕ್ಟೋಬರ್‌ನಿಂದೀಚೆಗೆ ಬ್ಯಾಂಕುಗಳು ಕೊಡುವ ಚರ ಬಡ್ಡಿಯ ಹೊಸ ಗೃಹಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾಗಿವೆ, ಕನಿಷ್ಠ ಮೂರು ತಿಂಗಳಿಗೊಮ್ಮೆ ಹೊಂದಿಸಲೇಬೇಕು. ಮೊದಲೇ ಕೊಂಡಿದ್ದರೂ ಈ ಇಳಿಕೆ ಅವರಿಗೆ ಸಿಗುತ್ತಿತ್ತು. ಕಾದದ್ದರಿಂದ ಸಿಕ್ಕಿದ್ದು ಬೆಲೆಯ ತಿಳಿವಳಿಕೆ, ಬಡ್ಡಿಯಲ್ಲಿ ಲಾಭವಲ್ಲ.

ವರ್ಷದ ಆದಾಯ 7.2 ಲಕ್ಷ, ಮನೆ 35 ಲಕ್ಷದೊಳಗೆ, ಸಾಲ 25 ಲಕ್ಷದೊಳಗೆ ಇದ್ದದ್ದರಿಂದ ಪ್ರಧಾನಮಂತ್ರಿ ಆವಾಸ್ ಯೋಜನೆ ನಗರ 2.0ರ ಬಡ್ಡಿ ಸಹಾಯಧನಕ್ಕೂ ಅರ್ಜಿ ಹಾಕಿದರು. ಮೊದಲ 8 ಲಕ್ಷದ ಮೇಲೆ 4 ಪ್ರತಿಶತ, ಒಟ್ಟು ಹೆಚ್ಚೆಂದರೆ 1.8 ಲಕ್ಷ, ಐದು ವಾರ್ಷಿಕ ಕಂತಿನಲ್ಲಿ. ಊರಲ್ಲಿ ತಮ್ಮ ಹೆಸರಿನ ಹಳೇ ಮನೆ ಇರುವುದರಿಂದ ಇದು ತಪ್ಪೀತೆಂದು ಅತ್ತೆಗೆ ಆತಂಕವಾಗಿತ್ತು. ಯೋಜನೆಯ ಲೆಕ್ಕದಲ್ಲಿ ಕುಟುಂಬವೆಂದರೆ ಗಂಡ, ಹೆಂಡತಿ, ಮದುವೆಯಾಗದ ಮಕ್ಕಳು. ಅತ್ತೆಯ ಮನೆ ಅಡ್ಡಿಯಾಗುವುದಿಲ್ಲ.

ಕ್ರಯಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿದೆ. ದೀಪಾವಳಿ ಕಳೆದು ಮನೆಗೆ ಬಂದರು. ಒಗೆಯುವ ಕಲ್ಲು ಈಗ ಚರಂಡಿಯ ಬದಿಗೆ ಹೋಗಿದೆ, ಹಿತ್ತಲ ಗೋಡೆಯ ಸುತ್ತ ಕಾಂಕ್ರೀಟ್ ಹಾಸು ಬಿದ್ದಿದೆ. ಬಿರುಕಿಗೆ ಇನ್ನೂ ಕೈ ಹಚ್ಚಿಲ್ಲ. ಒಂದು ಮಳೆಗಾಲ ಕಳೆಯಲಿ, ಹೊಸ ಗಾಜು ಉಳಿದರೆ ಮುಚ್ಚೋಣ ಎಂದಿದ್ದಾರೆ ಎಂಜಿನಿಯರ್. ಡಿಸೆಂಬರ್‌ನಲ್ಲಿ ರೆಪೊ 5.25ಕ್ಕೆ ಇಳಿದಾಗ ಬ್ಯಾಂಕು ಕಂತು ಇಳಿಸಬೇಕೋ, ಅವಧಿ ಇಳಿಸಬೇಕೋ ಎಂದು ಕೇಳಿತು. ಟೀಚರಮ್ಮ ಹಾಳೆ ತೆಗೆದು ಲೆಕ್ಕ ಹಾಕಿದರು: 18,931ನ್ನೇ ಕಟ್ಟುತ್ತಾ ಹೋದರೆ ಕೊನೆಯ ಒಂಬತ್ತು ಹತ್ತು ಕಂತು ಉಳಿಯುತ್ತವೆ. ಕಂತು ಹಾಗೇ ಇರಲಿ, ಅವಧಿ ಇಳಿಸಿ ಎಂದು ಬರೆದುಕೊಟ್ಟಿದ್ದಾರೆ.